ಹತ್ತನೆಯ ತರಗತಿಯಿಂದ ಕಾಲೇಜಿನ ಬಾಗಿಲವರೆಗೆ ನಡೆಸಿಕೊಂಡು ಹೋದವರಿಗೆ

ಕಳೆದ ಶನಿವಾರ ಮಧ್ಯಾಹ್ನ, ಈ ವರ್ಷ ನಮ್ಮ ಶಾಲೆಯಿಂದ ಎಸ್ಸೆಸ್ಸೆಲ್ಸಿ ಮುಗಿಸಿದ 37 ಮಕ್ಕಳ ಪಟ್ಟಿಯನ್ನು ಮುಂದಿಟ್ಟುಕೊಂಡು, ಖಾಲಿ ಉಳಿದಿದ್ದ ಒಂದೇ ಒಂದು ಹೆಸರಿನ ಎದುರು ‘ಪ್ರಥಮ ಪಿಯುಸಿ, ಕಲಾ ವಿಭಾಗ’ ಎಂದು ಬರೆದೆ. 29 ಮಂದಿ ಪಿಯುಸಿಗೆ, ಐವರು ಐಟಿಐಗೆ, ಮೂವರು ಡಿಪ್ಲೊಮಾಗೆ ಸೇರಿದ್ದಾರೆ. ಶಿಡ್ಲಘಟ್ಟ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುವ ನನಗೆ ಇದು ಹದಿನಾಲ್ಕನೆಯ ಬ್ಯಾಚು. ಒಬ್ಬರೂ ಮನೆಯಲ್ಲಿ ಉಳಿಯದೆ ಎಲ್ಲರೂ ಮುಂದಕ್ಕೆ ಹೋದದ್ದು ಇದೇ ಮೊದಲು. ಇದರ ಶ್ರೇಯಸ್ಸನ್ನು ತರಗತಿ ಶಿಕ್ಷಕಿಯಾದ ನನಗೆ ಹಲವರು ಕೊಡುತ್ತಿದ್ದಾರೆ. ಅದು ಸಲ್ಲಬೇಕಾದ ಜಾಗ ಬೇರೆ ಇರುವುದರಿಂದ ಈ ಬರಹ.

ಫಲಿತಾಂಶ ಬಂದ ದಿನ ಅಭಿನಂದನೆಗಳಿಗೆ ಕೊರತೆಯಿರಲಿಲ್ಲ. ಹೆಚ್ಚು ಅಂಕ ಪಡೆದವರಿಗೆ ಶಾಲು ಹೊದಿಸಿ, ಪೇಟ ತೊಡಿಸಿ, ಊರ ಬಾಗಿಲಲ್ಲಿ ಫ್ಲೆಕ್ಸ್ ಕಟ್ಟಿದರು. ಮಕ್ಕಳು ಸಂತೋಷಪಟ್ಟರು, ನಾನೂ ಪಟ್ಟೆ. ಆದರೆ ಹಳ್ಳಿಯ ಮಗುವಿನ ಓದು ಸಾಮಾನ್ಯವಾಗಿ ಕಡಿದುಹೋಗುವುದು ಫಲಿತಾಂಶಕ್ಕೂ ಕಾಲೇಜಿನ ಮೊದಲ ಗಂಟೆಗೂ ನಡುವೆ ಬರುವ ಕೆಲವು ವಾರಗಳಲ್ಲಿ. ಪಾಸಾದ ಮಗು ಆ ದಿನಗಳಲ್ಲಿ ಯಾವ ಶಾಲೆಗೂ ಸೇರಿದ್ದಲ್ಲ. ನಮ್ಮ ಹಾಜರಿ ಪುಸ್ತಕದಿಂದ ಹೆಸರು ಹೋಗಿರುತ್ತದೆ, ಕಾಲೇಜಿನ ಪುಸ್ತಕಕ್ಕೆ ಇನ್ನೂ ಏರಿರುವುದಿಲ್ಲ. ಆ ವಾರಗಳಲ್ಲಿ ನಮ್ಮ ಮಕ್ಕಳ ಕೈ ಹಿಡಿದವರು ಯಾರೂ ವೇದಿಕೆಯ ಮೇಲೆ ಇರಲಿಲ್ಲ.

ಮೊದಲು ತಾಯಂದಿರಿಗೆ ನಮಸ್ಕಾರ. ರೇಷ್ಮೆಯ ಸೀಮೆಯಲ್ಲಿ ಬದುಕುವವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಬೇರೆಯವರಿಗಾಗಿ ಹೇಳುತ್ತೇನೆ: ನಾಲ್ಕನೆಯ ಜ್ವರದಿಂದ, ಎಂದರೆ ಪೊರೆ ಕಳಚುವ ನಿದ್ದೆಯಿಂದ, ಎದ್ದ ರೇಷ್ಮೆಹುಳು ಸುಮಾರು ಒಂದು ವಾರ ಹಗಲು ರಾತ್ರಿಯೆನ್ನದೆ ಸೊಪ್ಪು ತಿನ್ನುತ್ತದೆ, ಆಮೇಲೆ ಹಣ್ಣಾದ ಹುಳುವನ್ನು ಹೊತ್ತು ಮೀರುವ ಮುನ್ನ ಆರಿಸಿ, ಗೂಡು ಕಟ್ಟಲು ಚಂದ್ರಂಕಿಯೆಂಬ ತಟ್ಟಿಗೆ ಬಿಡಬೇಕು, ಅದಕ್ಕೆ ಮನೆಮಂದಿಯೆಲ್ಲರ ಕೈ ಬೇಕು. ನನ್ನ ತರಗತಿಯ ಒಬ್ಬ ಹುಡುಗನ ತಾಯಿ ಪರೀಕ್ಷೆಯ ವೇಳಾಪಟ್ಟಿಯನ್ನು ಫೋನಿನಲ್ಲಿ ಓದಿಸಿಕೊಂಡು, ಬೆರಳು ಮಡಚಿ ದಿನ ಎಣಿಸಿ, ಹುಳು ಹಣ್ಣಾಗುವುದು ಗಣಿತದ ಪರೀಕ್ಷೆಯ ದಿನಕ್ಕೆ ಬರುತ್ತದೆಂದು ಕಂಡುಕೊಂಡರು. ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಬಲಿತುಹೋಗುತ್ತಿದ್ದರೂ ಚಾಕಿ (ಮರಿಹುಳು) ತರುವುದನ್ನು ಹತ್ತು ದಿನ ಮುಂದಕ್ಕೆ ಹಾಕಿದರು. ಆ ಬೆಳೆಯಲ್ಲಿ ಗೂಡು ಎಷ್ಟು ಇಳಿಯಿತೆಂದು ನಾನು ಕೇಳಲಿಲ್ಲ, ಕೇಳುವ ಧೈರ್ಯವಾಗಲಿಲ್ಲ. ಅಷ್ಟಾದರೂ ಆ ಹುಡುಗ ಗಣಿತದಲ್ಲಿ ಮೊದಲ ಸಲ ಅನುತ್ತೀರ್ಣನಾದ ಎಂಬುದನ್ನು ಮುಚ್ಚಿಡುವುದಿಲ್ಲ. ಹಾಗೆ ಉಳಿದ ನಾಲ್ವರೂ ಎರಡನೆಯ ಪರೀಕ್ಷೆಯಲ್ಲಿ ತೇರ್ಗಡೆಯಾದರು. 2024ರಲ್ಲಿ ಪೂರಕ ಪರೀಕ್ಷೆಯೆಂಬ ಹೆಸರು ಹೋಗಿ ಪರೀಕ್ಷೆ 1, 2, 3 ಎಂಬ ಮೂರು ಅವಕಾಶಗಳು ಬಂದವು; ‘ಸಪ್ಲಿಮೆಂಟರಿ’ ಎಂಬ ಮಾತು ಮನೆಯ ಜಗಲಿಯಿಂದ ಮರೆಯಾದದ್ದೇ ಮಕ್ಕಳಿಗೆ ಅರ್ಧ ಧೈರ್ಯ ಎಂಬುದು ನನ್ನ ಅನುಭವ.

ನಮ್ಮ ಬಿಸಿಯೂಟದ ಅಕ್ಕಂದಿರಿಗೆ ಎರಡನೆಯ ನಮಸ್ಕಾರ. ಅಕ್ಷರ ದಾಸೋಹ ಇರುವುದು ಹತ್ತನೆಯ ತರಗತಿಯವರೆಗೆ ಮಾತ್ರ. ಕಾಲೇಜಿಗೆ ಹೋದ ಮಗು ಬೆಳಿಗ್ಗೆ ಏಳೂವರೆಯ ಬಸ್ಸು ಹತ್ತುವ ಮೊದಲೇ ಮನೆಯಲ್ಲಿ ಯಾರಾದರೂ ಬುತ್ತಿ ಕಟ್ಟಿರಬೇಕು. ಕೂಲಿಗೆ ಹೋಗುವ ತಾಯಿಯ ಮನೆಯಲ್ಲಿ ಅದು ಸಣ್ಣ ಮಾತಲ್ಲ. ಕಾಲೇಜು ಬಿಡುವವರ ಕಾರಣಗಳನ್ನು ಬರೆಯುವಾಗ ನಾವು ಬಡತನ, ಮದುವೆ ಎಂದೆಲ್ಲ ಬರೆಯುತ್ತೇವೆ, ಮಧ್ಯಾಹ್ನದ ಹಸಿವನ್ನು ಬರೆಯುವುದಿಲ್ಲ. ಇದು ನನಗೂ ಹೊಳೆದಿರಲಿಲ್ಲ. ಬೀಳ್ಕೊಡುಗೆಯ ದಿನ ಪಾಯಸ ಬಡಿಸುತ್ತಾ ನಮ್ಮ ಅಡುಗೆಯ ಅಕ್ಕ ಹೆಣ್ಣುಮಕ್ಕಳ ಸಾಲಿನಲ್ಲಿ ನಿಂತು, “ಇನ್ನು ಮೇಲೆ ತಟ್ಟೆ ಹಿಡಿದು ನಿಂತರೆ ಹಾಕೋರು ಇರಲ್ಲ ಕಣ್ರವ್ವಾ, ರಾತ್ರಿ ಮುದ್ದೆ ತಿರುವುವಾಗಲೇ ನಾಳೆಯ ಡಬ್ಬಿ ನೆನಪಿಟ್ಟುಕೊಳ್ಳಿ” ಎಂದರು. ನನ್ನ ಅರ್ಧ ಗಂಟೆಯ ಭಾಷಣಕ್ಕಿಂತ ಆ ಮಾತು ಹೆಚ್ಚು ಕೆಲಸ ಮಾಡಿತು. ಮರುದಿನವೇ ಐದಾರು ಹುಡುಗಿಯರು ಡಬ್ಬಿಯ ವಿಷಯವನ್ನು ಮನೆಯಲ್ಲಿ ಎತ್ತಿದ್ದಾಗಿ ಬಂದು ಹೇಳಿದರು.

ಈಗ ನನ್ನದೇ ತಪ್ಪೊಂದನ್ನು ಹೇಳಬೇಕು. ಪಟ್ಟಿಯ ಕೊನೆಯ ಹೆಸರಿನ ಹುಡುಗಿ ಒಳ್ಳೆಯ ಅಂಕ ಪಡೆದವಳು. ಅವಳು ಸೇರಿಯೇ ಸೇರುತ್ತಾಳೆಂದು ನಂಬಿ ನಾನು ಒಮ್ಮೆಯೂ ವಿಚಾರಿಸಲಿಲ್ಲ. ಶಿಡ್ಲಘಟ್ಟದ ಬಸ್ಸಿನ ನಿರ್ವಾಹಕರು ಒಂದು ದಿನ, “ಮೇಡಂ, ನಿಮ್ಮ ಮಕ್ಕಳೆಲ್ಲ ಹತ್ತುತ್ತಿದ್ದಾರೆ, ಆ ಕ್ರಾಸಿನ ಹುಡುಗಿ ಮಾತ್ರ ಕಾಣಿಸಲಿಲ್ಲವಲ್ಲ” ಎಂದರು. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಟಿಕೆಟ್ಟಿಗೆ ಹಣವಿಲ್ಲ, ಆದ್ದರಿಂದ ಖರ್ಚು ಕಾರಣವಲ್ಲ ಎಂದುಕೊಂಡು ಮನೆಗೆ ಹೋದೆ. ಅಜ್ಜಿ ನೀರು ಕೊಟ್ಟು ಕೂರಿಸಿ ಹೇಳಿದ್ದು ಇಷ್ಟೇ: ಸಂಜೆಯ ಬಸ್ಸು ಕ್ರಾಸಿಗೆ ಬರುವ ಹೊತ್ತಿಗೆ ಚಳಿಗಾಲದಲ್ಲಿ ಕತ್ತಲಾಗಿರುತ್ತದೆ, ಅಲ್ಲಿಂದ ಊರಿಗೆ ಒಂದೂವರೆ ಕಿಲೋಮೀಟರ್ ತೋಪಿನ ಮಗ್ಗುಲಲ್ಲಿ ಒಂಟಿಯಾಗಿ ನಡೆಯಬೇಕು. ಅಜ್ಜಿಯ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಸಾಧ್ಯವಾಗಲಿಲ್ಲ. ಪಕ್ಕದ ಊರಿನ ಇಬ್ಬರು ಹುಡುಗಿಯರು ಅದೇ ಕಾಲೇಜಿಗೆ ಸೇರಿದ್ದರಿಂದ ಮೂವರೂ ಜೊತೆಯಾಗಿ ಬರುವುದೆಂದಾಯಿತು, ಅವರಲ್ಲೊಬ್ಬಳ ತಂದೆ ಹಾಲಿನ ಡೇರಿಗೆ ಹೋಗುವ ಹೊತ್ತನ್ನು ಬಸ್ಸಿನ ಹೊತ್ತಿಗೆ ಹೊಂದಿಸಿಕೊಂಡು ಕ್ರಾಸಿನಲ್ಲಿ ನಿಲ್ಲುತ್ತೇನೆಂದರು. ಆ ನಿರ್ವಾಹಕರಿಗೂ ಆ ತಂದೆಗೂ ನಾನು ಋಣಿ.

ಹಳೆಯ ವಿದ್ಯಾರ್ಥಿಗಳು ತಮ್ಮ ಪಿಯುಸಿ ಪುಸ್ತಕಗಳನ್ನು ತಂದುಕೊಟ್ಟರು. ಪದವಿಪೂರ್ವ ಕಾಲೇಜಿನ ಉಪನ್ಯಾಸಕರೊಬ್ಬರು ರಜೆಯ ದಿನ ಬಂದು, ವಿಜ್ಞಾನದ ಪಿಸಿಎಂಬಿ ಎಂದರೇನು, ಕಲಾ ವಿಭಾಗದ ಎಚ್‌ಇಪಿಎಸ್ ಎಂದರೇನು, ವಾಣಿಜ್ಯ ಓದಿದವರು ಏನಾಗಬಹುದು ಎಂಬುದನ್ನು ತಂದೆತಾಯಂದಿರಿಗೆ ಅರ್ಥವಾಗುವ ಮಾತಿನಲ್ಲಿ ತಿಳಿಸಿದರು. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳಿಗಾಗಿ ನಾಡಕಚೇರಿಗೆ ಅಲೆದ, ವಿದ್ಯಾರ್ಥಿನಿಲಯದ ಅರ್ಜಿಗಳನ್ನು ತುಂಬಿಸಿದ ನನ್ನ ಸಹೋದ್ಯೋಗಿಗಳು ತಮ್ಮ ಹೆಸರು ಬರೆಯಬಾರದೆಂದು ಹೇಳಿದ್ದಾರೆ.

ಇನ್ನು ಮಕ್ಕಳೇ, ನಿಮಗೂ ಒಂದು ಮಾತು. ನಮ್ಮ ಜಿಲ್ಲೆಯಲ್ಲಿ ಯಾರೇ ಭಾಷಣ ಮಾಡಲಿ, ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ಬೀದಿದೀಪದ ಕಥೆ ಹೇಳದೆ ಮುಗಿಸುವುದಿಲ್ಲ. ನಾನೂ ಹೇಳಿದ್ದೇನೆ, ನೀವು ಆಕಳಿಸಿದ್ದನ್ನೂ ನೋಡಿದ್ದೇನೆ. ಅದಕ್ಕೇ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರನ್ನು ನೆನೆಯುತ್ತೇನೆ. ಮುಂದೆ ಓದಲೆಂದು ಬೆಂಗಳೂರಿಗೆ ನಡೆದೇ ಹೋದ ಆ ಹುಡುಗ ಭೌತಶಾಸ್ತ್ರದ ಮೇಷ್ಟರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ ಮೇಲೂ ತಾನು ನಡೆದ ದಾರಿಯ ಉದ್ದವನ್ನು ಮರೆತವರಲ್ಲ. ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ನ್ಯಾಷನಲ್ ಕಾಲೇಜುಗಳು ಬರುವುದಕ್ಕೆ ಅವರೇ ಕಾರಣ.

ವಿಜ್ಞಾನಕ್ಕೆ ಸೇರಿದವರಲ್ಲಿ ಮೂವರು ಈಗಾಗಲೇ ಫೋನು ಮಾಡಿ, ಪಾಠವೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತಿದೆ, ಏನೂ ತಿಳಿಯುತ್ತಿಲ್ಲ, ಕಲಾ ವಿಭಾಗಕ್ಕೆ ಬದಲಾಯಿಸಿಕೊಳ್ಳುತ್ತೇವೆ ಎಂದಿದ್ದೀರಿ. ಕಲೆ ಇಷ್ಟವೆಂದು ಹೋಗುವುದಾದರೆ ಸಂತೋಷ, ಹೆದರಿ ಹೋಗುವುದಾದರೆ ದೀಪಾವಳಿಯವರೆಗೆ ತಾಳಿರಿ. ವೇಗೋತ್ಕರ್ಷವನ್ನು ಅಲ್ಲಿ ಆಕ್ಸಿಲರೇಶನ್ ಎನ್ನುತ್ತಾರೆ, ದ್ಯುತಿಸಂಶ್ಲೇಷಣೆಯನ್ನು ಫೋಟೋಸಿಂಥೆಸಿಸ್ ಎನ್ನುತ್ತಾರೆ. ಬದಲಾದದ್ದು ಹೆಸರು, ನೀವು ಕಲಿತ ವಿಷಯ ನಿಮ್ಮಲ್ಲೇ ಇದೆ. ನಿಮ್ಮಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮನೆಯಲ್ಲಿ ತೆಲುಗು ಆಡುವವರು. ಒಂದನೆಯ ತರಗತಿಗೆ ಬಂದಾಗ ನೀರಿಗೆ ‘ನೀಳ್ಳು’ ಎನ್ನುತ್ತಿದ್ದವರು, ಹತ್ತು ವರ್ಷದಲ್ಲಿ ಪ್ರಥಮ ಭಾಷೆ ಕನ್ನಡದಲ್ಲಿ 125ಕ್ಕೆ 110, 115 ತೆಗೆದಿದ್ದೀರಿ. ಆಗ ಯಾರೂ ನಿಮಗೆ ಇದು ಕಷ್ಟವೆಂದು ಹೇಳಿರಲಿಲ್ಲ, ಆದ್ದರಿಂದ ನೀವು ಹೆದರಲೂ ಇಲ್ಲ.

ವಿಜ್ಞಾನದ ಶಿಕ್ಷಕರೂ ನಾನೂ ಸೇರಿ ಇಂಥ ಪದಗಳದೊಂದು ಪುಟ್ಟ ಪುಸ್ತಕ ಮಾಡಿದ್ದೇವೆ. ಎಡಕ್ಕೆ ನೀವು ಕಲಿತ ಕನ್ನಡದ ಪದ, ಬಲಕ್ಕೆ ಅಲ್ಲಿ ಕೇಳುವ ಪದ. ಜೆರಾಕ್ಸ್ ಅಂಗಡಿಯವರು ಕಾಗದದ ದುಡ್ಡು ಮಾತ್ರ ತೆಗೆದುಕೊಂಡರು, ಅವರಿಗೂ ಧನ್ಯವಾದ. ಇನ್ನೂ ಹನ್ನೊಂದು ಪ್ರತಿಗಳು, ಜೊತೆಗೆ ಲೆಕ್ಕಶಾಸ್ತ್ರದ ಎರಡು ಮತ್ತು ಇತಿಹಾಸದ ಒಂದು ಹಳೆಯ ಪಠ್ಯಪುಸ್ತಕ ಸಿಬ್ಬಂದಿ ಕೊಠಡಿಯ ಬೀರುವಿನಲ್ಲಿವೆ. ಶನಿವಾರ ಬೆಳಗಿನ ತರಗತಿ ಮುಗಿದ ಮೇಲೂ ನಾನು ಒಂದು ಗಂಟೆಯವರೆಗೆ ಶಾಲೆಯಲ್ಲಿರುತ್ತೇನೆ. ಬೇಕಾದವರು ಬಂದು ತೆಗೆದುಕೊಂಡು ಹೋಗಿ.