ಬಾಂಡ್‌ನ ಡ್ಯೂಪ್‌ಗಳಿಗೂ ಹೆಸರಿದೆ

ಮಾನ್ಯ ಸಂಪಾದಕರೇ,

ಡೇನಿಯಲ್ ಕ್ರೇಗ್ 2021ರಲ್ಲಿ ಜೇಮ್ಸ್ ಬಾಂಡ್ ಪಾತ್ರ ಬಿಟ್ಟ ಮೇಲೆ ಸಿನಿಮಾ ಪುಟಗಳಲ್ಲಿ ಈ ಸರಣಿಯದು ಒಂದೇ ಸುದ್ದಿ: ಮುಂದಿನ ಬಾಂಡ್ ಯಾರು? ಹೊಸ ಮುಖದ ಬಗ್ಗೆ ಕುತೂಹಲ ಸಹಜ. ಆದರೆ 1962ರಲ್ಲಿ ‘ಡಾ. ನೋ’ ತೆರೆಗೆ ಬಂದಾಗ ಪ್ರೇಕ್ಷಕರು ಮೊಟ್ಟಮೊದಲು ಕಂಡ ಬಾಂಡ್ ಶಾನ್ ಕಾನರಿ ಅಲ್ಲ. ಚಿತ್ರದ ಆರಂಭದ ತುಣುಕಿನಲ್ಲಿ, ಬಂದೂಕಿನ ನಳಿಗೆಯೊಳಗಿಂದ ಕಾಣುವ ಬಿಳಿ ವೃತ್ತದೊಳಗೆ ನಡೆದು ಬಂದು, ಗಕ್ಕನೆ ತಿರುಗಿ ನಮ್ಮತ್ತ ಗುಂಡು ಹಾರಿಸುವ ಆ ಹ್ಯಾಟುಧಾರಿ ಬಾಬ್ ಸಿಮನ್ಸ್ ಎಂಬ ಸಾಹಸ ಕಲಾವಿದ. ಮೊದಲ ಮೂರು ಚಿತ್ರಗಳಲ್ಲೂ ಅಲ್ಲಿರುವುದು ಅವರೇ. 1965ರ ‘ಥಂಡರ್‌ಬಾಲ್’ ಅಗಲ ಪರದೆಗೆ ತಯಾರಾದ್ದರಿಂದ ಹಳೆಯ ತುಣುಕು ಹೊಂದಲಿಲ್ಲ. ಹೊಸದಾಗಿ ಚಿತ್ರೀಕರಿಸಬೇಕಾಗಿ ಬಂದಾಗಲೇ ಕಾನರಿ ಆ ವೃತ್ತದೊಳಗೆ ಕಾಲಿಟ್ಟದ್ದು.

ಆ ತುಣುಕಿನ ಕೆಲಸವೇ ಚೆಂದ. ಸಾಮಾನ್ಯ ಲೆನ್ಸಿನಲ್ಲಿ ನಳಿಗೆಯ ಒಳಮೈ ಪೂರ್ತಿ ಫೋಕಸ್ ಆಗುತ್ತಿರಲಿಲ್ಲವಾದ್ದರಿಂದ ಶೀರ್ಷಿಕೆ ವಿನ್ಯಾಸಕ ಮಾರಿಸ್ ಬೈಂಡರ್ ಸೂಜಿರಂಧ್ರದ ಕ್ಯಾಮೆರಾ ಬಳಸಿ, ನಿಜವಾದ ಬಂದೂಕಿನ ನಳಿಗೆಯೊಳಗಿಂದಲೇ ಚಿತ್ರ ತೆಗೆದರು. ಆರು ನಟರ ವ್ಯತ್ಯಾಸ ನೋಡಬೇಕೆಂದರೆ ಆ ಕೆಲವು ಸೆಕೆಂಡುಗಳೇ ಸಾಕು. ಕಾನರಿ ತಿರುಗುವಾಗ ಮೈ ಒಂಚೂರು ತೂಗುತ್ತದೆ, ಆ ತೂಗಾಟದಲ್ಲೇ ಒಂದು ಬೇಟೆಗಾರನ ಲಯವಿದೆ. ಜಾರ್ಜ್ ಲೇಜನ್‌ಬಿ ಮಂಡಿಯೂರುತ್ತಾರೆ. ರೋಜರ್ ಮೂರ್ ಹ್ಯಾಟು ಬಿಟ್ಟು ಎರಡೂ ಕೈ ಸೇರಿಸಿ ಪಿಸ್ತೂಲು ಹಿಡಿಯುತ್ತಾರೆ. ಪಿಯರ್ಸ್ ಬ್ರಾಸ್ನನ್ ಕಂಬದಂತೆ ನೆಟ್ಟಗೆ. ಕ್ರೇಗ್ ಅವರ ಮೊದಲ ಚಿತ್ರದಲ್ಲಂತೂ ಅದು ಪ್ರತ್ಯೇಕ ತುಣುಕೇ ಅಲ್ಲ. ಶೌಚಾಲಯದಲ್ಲಿ ನಡೆಯುವ ಹೊಡೆದಾಟದ ಕೊನೆಯ ಗುಂಡಾಗಿ ಕಥೆಯೊಳಗೇ ಬರುತ್ತದೆ. ಎರಡೇ ಚಿತ್ರಗಳಿಗೆ ನಿಂತುಹೋದ ಟಿಮೊಥಿ ಡಾಲ್ಟನ್ ಅವರನ್ನು ಇಲ್ಲಿ ನೆನೆಯಲೇಬೇಕು. ಇಯಾನ್ ಫ್ಲೆಮಿಂಗ್ ಅವರ ಕಾದಂಬರಿಗಳನ್ನು ಓದಿ, ಒಳಗೇ ಕುದಿಯುವ ಬಾಂಡ್‌ನನ್ನು ಕ್ರೇಗ್‌ಗಿಂತ ಸುಮಾರು ಇಪ್ಪತ್ತು ವರ್ಷ ಮೊದಲೇ ತೋರಿಸಿದವರು ಅವರು. ಸಿಗಬೇಕಾದ ಗೌರವ ಅವರಿಗೆ ಇನ್ನೂ ಸಿಕ್ಕಿಲ್ಲ.

ಇಷ್ಟು ಪ್ರೀತಿಸುವ ಈ ಆರು ಜನರ ಹಿಂದೆ, ಕ್ಯಾಮೆರಾಕ್ಕೆ ಬೆನ್ನು ಹಾಕಿ ದುಡಿದವರ ಹೆಸರೂ ನಮ್ಮ ಪುಟಗಳಲ್ಲಿ ಬರಲಿ ಎಂಬುದು ನನ್ನ ಕೋರಿಕೆ.

1974ರ ‘ದಿ ಮ್ಯಾನ್ ವಿತ್ ದಿ ಗೋಲ್ಡನ್ ಗನ್’ ಚಿತ್ರದ ಕಾರಿನ ಜಿಗಿತವನ್ನೇ ತೆಗೆದುಕೊಳ್ಳಿ. ಥಾಯ್ಲೆಂಡಿನ ಕಾಲುವೆಯೊಂದರ ಮುರಿದ ಸೇತುವೆಯಿಂದ ಹಾರುವ ಎಎಂಸಿ ಹಾರ್ನೆಟ್ ಗಾಳಿಯಲ್ಲಿ ಮಗ್ಗುಲಾಗಿ ಪೂರ್ತಿ ಒಂದು ಸುತ್ತು ಉರುಳಿ, ಆಚೆ ದಡದಲ್ಲಿ ನಾಲ್ಕೂ ಚಕ್ರದ ಮೇಲೆ ಇಳಿಯುತ್ತದೆ. ಸೇತುವೆಯ ಅವಶೇಷದಂತೆ ಕಾಣುವುದು ಲೆಕ್ಕ ಹಾಕಿ ತಿರುಚಿದ ರ‍್ಯಾಂಪು. ಕಾರು ನೆಲ ಬಿಡುವ ಮೊದಲೇ ಅದರ ಒಂದು ಮಗ್ಗುಲು ಮೇಲೆದ್ದು ಉರುಳು ಶುರುವಾಗಿರಬೇಕು. ಇಳಿಯುವ ಕಡೆಯ ರ‍್ಯಾಂಪು ಆ ಉರುಳಿನ ಕೊನೆಯ ಭಾಗವನ್ನು ಎದುರುಗೊಳ್ಳುವಂತೆ ವಾಲಿರಬೇಕು. ಚಾಲಕ ಎಂದಿನಂತೆ ಒಂದು ಬದಿ ಕೂತರೆ ತೂಕ ಆ ಕಡೆಗೇ ಎಳೆಯುತ್ತದೆ, ಸುತ್ತು ವಾರೆಯಾಗುತ್ತದೆ. ಅದಕ್ಕೇ ಸೀಟನ್ನೂ ಸ್ಟೇರಿಂಗನ್ನೂ ಕಾರಿನ ನಟ್ಟನಡುವಿಗೆ ತಂದರು. ವೇಗ ತುಸು ಕಡಿಮೆಯಾದರೂ ಕಾರು ನೀರಿಗೆ. ಇದನ್ನೆಲ್ಲ ಅಮೆರಿಕದಲ್ಲಿ ಇಂಜಿನಿಯರ್ ರೇಮಂಡ್ ಮೆಕ್‌ಹೆನ್ರಿ ಕಂಪ್ಯೂಟರಿನಲ್ಲಿ ಮೊದಲೇ ಲೆಕ್ಕ ಹಾಕಿದ್ದರು. ಚಾಲಕ ‘ಬಂಪ್ಸ್’ ವಿಲರ್ಟ್ ಒಂದೇ ಟೇಕ್‌ನಲ್ಲಿ ಮುಗಿಸಿದರು. ದುರದೃಷ್ಟವೆಂದರೆ, ಉಸಿರು ಬಿಗಿಹಿಡಿಸಬೇಕಾದ ಆ ಕ್ಷಣಕ್ಕೆ ಸೀಟಿಯ ತಮಾಷೆ ಶಬ್ದ ಸೇರಿಸಿದರು. ಶಬ್ದ ಪೂರ್ತಿ ಆರಿಸಿ ಆ ದೃಶ್ಯವನ್ನೊಮ್ಮೆ ನೋಡಿ, ಅದರ ಬೆಲೆ ಗೊತ್ತಾಗುತ್ತದೆ.

ಮೂರೇ ವರ್ಷದಲ್ಲಿ ಆ ತಪ್ಪನ್ನು ಸರಣಿಯೇ ತಿದ್ದಿಕೊಂಡಿತು. ‘ದಿ ಸ್ಪೈ ಹೂ ಲವ್ಡ್ ಮಿ’ ಚಿತ್ರಕ್ಕಾಗಿ ರಿಕ್ ಸಿಲ್ವೆಸ್ಟರ್ ಕೆನಡಾದ ಬ್ಯಾಫಿನ್ ದ್ವೀಪದ ಆಸ್ಗಾರ್ಡ್ ಶಿಖರದಿಂದ ಸ್ಕೀ ಕಟ್ಟಿಕೊಂಡೇ ಧುಮುಕಿದಾಗ ಸಂಗೀತ ನಿಲ್ಲುತ್ತದೆ. ಬರೀ ಮೌನ. ಪ್ಯಾರಾಚೂಟ್ ಬಿಚ್ಚಿಕೊಳ್ಳುವ ಗಳಿಗೆಯಲ್ಲಿ, ಕಾಲಿನಿಂದ ಕಳಚಿದ ಸ್ಕೀಯೊಂದು ಅದಕ್ಕೆ ತಾಗಿ ಹೋಗುವುದನ್ನು ಗಮನಿಸಿ ನೋಡಿದರೆ ಇಂದಿಗೂ ಕಾಣಬಹುದು. ಅದು ಸಿಕ್ಕಿಕೊಂಡಿದ್ದರೆ ಪ್ಯಾರಾಚೂಟ್ ಅರಳುತ್ತಲೇ ಇರಲಿಲ್ಲ. 1995ರ ‘ಗೋಲ್ಡನ್ ಐ’ ಚಿತ್ರದಲ್ಲಿ ಸ್ವಿಟ್ಜರ್ಲೆಂಡಿನ 220 ಮೀಟರ್ ಎತ್ತರದ ಅಣೆಕಟ್ಟಿನಿಂದ ಹಗ್ಗ ಕಟ್ಟಿಕೊಂಡು ಹಾರಿದ ವೇಯ್ನ್ ಮೈಕಲ್ಸ್ ಅವರದ್ದೂ ಇಂಥದೇ ಎದೆಗಾರಿಕೆ.

ಎಲ್ಲವೂ ಸುಸೂತ್ರವಾಗಿ ನಡೆದಿಲ್ಲ. ಸಾಹಸವೆಲ್ಲ ತಮ್ಮದಲ್ಲವೆಂದು ರೋಜರ್ ಮೂರ್ ಎಂದೂ ಮುಚ್ಚಿಟ್ಟವರಲ್ಲ. ಅವರ ಡ್ಯೂಪ್ ಆಗಿ ದುಡಿದವರು ಮಾರ್ಟಿನ್ ಗ್ರೇಸ್. ಉದಯಪುರದ ಅರಮನೆಗಳಲ್ಲಿ ಚಿತ್ರೀಕರಣವಾದ ‘ಆಕ್ಟೋಪಸಿ’ಯನ್ನು ನಮ್ಮವರು ವಿಜಯ್ ಅಮೃತರಾಜ್, ಕಬೀರ್ ಬೇಡಿಗಾಗಿ ನೆನೆಯುತ್ತಾರೆ. ಅದೇ ಚಿತ್ರದ ರೈಲಿನ ದೃಶ್ಯವನ್ನು ಇಂಗ್ಲೆಂಡಿನಲ್ಲಿ ತೆಗೆಯುವಾಗ ಗ್ರೇಸ್ ಬೋಗಿಯ ಹೊರಮಗ್ಗುಲಿಗೆ ಜೋತುಬಿದ್ದಿದ್ದರು. ಮೊದಲೇ ಪರಿಶೀಲಿಸಿದ್ದ ಹಳಿಯ ಭಾಗವನ್ನು ದಾಟಿ ರೈಲು ಮುಂದೆ ಹೋಯಿತು, ಹಳಿಯ ಪಕ್ಕದ ಗೋಡೆಗೆ ಅವರ ಮೈ ಬಡಿಯಿತು. ಸೊಂಟದ ಮೂಳೆ ಮುರಿದು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದರು. ವಾಸಿಯಾದ ಮೇಲೆ ಮತ್ತೆ ಅದೇ ಕೆಲಸಕ್ಕೆ ಮರಳಿದರು.

2006ರ ‘ಕ್ಯಾಸಿನೋ ರೊಯಾಲ್’ ಚಿತ್ರದಲ್ಲಿ ಎದುರಾದದ್ದು ತದ್ವಿರುದ್ಧ ಸಮಸ್ಯೆ. ಆಸ್ಟನ್ ಮಾರ್ಟಿನ್ ಕಾರು ನೆಲಕ್ಕೆ ಎಷ್ಟು ಕಚ್ಚಿಕೊಂಡಿತ್ತೆಂದರೆ ರ‍್ಯಾಂಪು ಹತ್ತಿಸಿದರೂ ಪಲ್ಟಿಯಾಗಲಿಲ್ಲ. ಕೊನೆಗೆ ಚಾಲಕನ ಸೀಟಿನ ಹಿಂದೆ ನೈಟ್ರೋಜನ್ ಒತ್ತಡದ ಫಿರಂಗಿ ಕೂರಿಸಿ, ಲೋಹದ ದಿಮ್ಮಿಯನ್ನು ನೆಲಕ್ಕೆ ಗುದ್ದಿಸಿ ಕಾರನ್ನು ಎತ್ತಿ ಒಗೆದರು. ಏಳು ಪಲ್ಟಿ, ಗಿನ್ನೆಸ್ ದಾಖಲೆ. ಗುಂಡಿ ಒತ್ತುವ ಗಳಿಗೆಯನ್ನು ಸ್ಟೇರಿಂಗ್ ಹಿಡಿದ ಆಡಂ ಕರ್ಲಿಯೇ ನಿರ್ಧರಿಸಬೇಕಿತ್ತು.

2027ರಲ್ಲಿ ಬಿಡುಗಡೆಯಾಗುವ ಚಿತ್ರಗಳಿಂದ ಸಾಹಸ ವಿನ್ಯಾಸಕ್ಕೂ ಆಸ್ಕರ್ ಕೊಡುವುದಾಗಿ ಅಕಾಡೆಮಿ ಘೋಷಿಸಿದೆ. ಡೆನಿ ವಿಲ್ನಾವ್ ನಿರ್ದೇಶನದ ಮುಂದಿನ ಬಾಂಡ್ ಚಿತ್ರ ಬಂದಾಗ ನಿಮ್ಮ ವಿಮರ್ಶಕರು ಕೊನೆಯ ಹೆಸರುಗಳ ಪಟ್ಟಿ ಮುಗಿಯುವ ತನಕ ಕೂತಿರಲಿ. ಅಲ್ಲಿ ಸ್ಟಂಟ್ ವಿಭಾಗ ಪ್ರತ್ಯೇಕವಾಗಿ ಬರುತ್ತದೆ. ನಾಯಕನ ಹೆಸರಿನ ಜೊತೆಗೆ ಸಾಹಸ ನಿರ್ದೇಶಕರ ಹೆಸರನ್ನೂ, ಮುಖ್ಯ ಜಿಗಿತವನ್ನು ಮಾಡಿದವರ ಹೆಸರನ್ನೂ ಒಂದು ಸಾಲಿನಲ್ಲಿ ದಯವಿಟ್ಟು ಅಚ್ಚು ಹಾಕಿ.

ಇತಿ,
ಸಿನಿಮಾ ಪುಟದ ಓದುಗ