ಪರೀಕ್ಷೆ ಮಾಡಿ, ಫಲಿತಾಂಶ ಮಾತ್ರ ಡಾಕ್ಟರ ಕೈಗೆ ಹೋಗಲಿ

ಮಾನ್ಯ ಸಂಪಾದಕರೇ,

ಕಾಲೇಜು ಹುಡುಗರಿಗೆಲ್ಲ ಡ್ರಗ್ಸ್ ಪರೀಕ್ಷೆ ಕಡ್ಡಾಯ ಮಾಡಬೇಕು ಅನ್ನುವ ಮಾತು ಈಗ ಎಲ್ಲ ಕಡೆ ಕೇಳುತ್ತಿದೆ. ಬೆಳಗ್ಗೆ ಹಾಲಿನ ಡೇರಿ ಮುಂದೆ ನಿಂತವರೂ ಅದನ್ನೇ ಹೇಳುತ್ತಾರೆ. ನಾನು 31 ವರ್ಷ ಲ್ಯಾಬ್ ಟೆಕ್ನೀಷಿಯನ್ ಆಗಿದ್ದವಳು. ಸಾವಿರಾರು ಜನರ ಮೂತ್ರದ ಡಬ್ಬಿಗೆ ಚೀಟಿ ಅಂಟಿಸಿದ್ದೇನೆ. ಇಂಥ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಹುಡುಗನೊಬ್ಬನ ದೊಡ್ಡಮ್ಮನೂ ಹೌದು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ತಂಗಿ ಮಗ ಮೈಸೂರಿನಲ್ಲಿ ಹಾಸ್ಟೆಲ್‌ನಲ್ಲಿದ್ದುಕೊಂಡು ಡಿಪ್ಲೊಮಾ ಓದುತ್ತಿದ್ದ. ಒಂದು ದಿನ ಟೆರೇಸಿನ ನೀರಿನ ಟ್ಯಾಂಕ್ ಹಿಂದೆ ಗಾಂಜಾ ಪೊಟ್ಟಣ ಸಿಕ್ಕಿತಂತೆ. ಮಾರನೇ ದಿನ ಬೆಳಗ್ಗೆ ಹುಡುಗರನ್ನೆಲ್ಲ ಸಾಲಾಗಿ ನಿಲ್ಲಿಸಿ ಮೂತ್ರ ಹಿಡಿಸಿದರು. ಮೂತ್ರದಲ್ಲಿ ಡ್ರಗ್ಸ್ ಇದೆಯಾ ಅಂತ ನೋಡುವ ಸ್ಟ್ರಿಪ್ ತಂದದ್ದು ಮೆಡಿಕಲ್ ಶಾಪಿನಿಂದ. ಪರೀಕ್ಷೆ ಮಾಡಿದ್ದು ವಾರ್ಡನ್ ಮತ್ತು ಒಬ್ಬ ಗುಮಾಸ್ತರು. ಫಲಿತಾಂಶ ಓದಿದ್ದು ಮೆಸ್ಸಿನಲ್ಲಿ, ಎಲ್ಲರೂ ಉಪ್ಪಿಟ್ಟು ತಿನ್ನುತ್ತಾ ಕೂತಿದ್ದಾಗ. ನಾಲ್ಕು ಹೆಸರು ಕೂಗಿದರು. ಮೂರನೆಯದು ಇವನದು. ಸಂಜೆಯೊಳಗೆ ಹಾಸಿಗೆ ಸುತ್ತಿಸಿ ಊರಿನ ಬಸ್ಸು ಹತ್ತಿಸಿದರು. ಆಮೇಲೆ ಟಿ.ಸಿ. ಅಂಚೆಯಲ್ಲಿ ಬಂತು.

ಸ್ಟ್ರಿಪ್ ಸುಳ್ಳು ಹೇಳಿರಲಿಲ್ಲ. ಅವನು ಏಳೆಂಟು ತಿಂಗಳಿಂದ ರಜಾ ದಿನಗಳಲ್ಲಿ ಗಾಂಜಾ ಸೇದುತ್ತಿದ್ದ. ಅವನೇ ನನಗೆ ಹೇಳಿದ್ದಾನೆ. ಅದು ತಪ್ಪಲ್ಲ ಅಂತ ನಾನು ವಾದ ಮಾಡುತ್ತಿಲ್ಲ. ಆದರೆ ಆಮೇಲೇನಾಯಿತು ಅನ್ನುವುದನ್ನು ಆ ಕಾಲೇಜಿನವರು ಇವತ್ತಿನವರೆಗೂ ಕೇಳಿಲ್ಲ.

ಊರು ಪಾಂಡವಪುರದ ಕಡೆ. ಅವರಪ್ಪ ಮಗನ ಜೊತೆ ಮಾತು ಬಿಟ್ಟರು. ಅಂಗಡಿ ಕಟ್ಟೆ ಮುಂದೆ ಹಾದು ಹೋದರೆ ಗುಸುಗುಸು. ಮನೆಯಲ್ಲಿ ಕೂರಲಾಗದೆ ಹುಡುಗ ಆಲೆಮನೆಗೆ ಕೆಲಸಕ್ಕೆ ಹೋದ. ರಾತ್ರಿಯೆಲ್ಲ ಗಾಣಕ್ಕೆ ಕಬ್ಬು ಕೊಡುವ ಕೆಲಸ. ಅಲ್ಲಿಗೆ ಬರುತ್ತಿದ್ದ ಯಾರೋ ಮೈಕೈ ನೋವಿಗೆ ಅಂತ ಮಾತ್ರೆ ಕೊಟ್ಟರು. ಟಪೆಂಟಡಾಲ್. ಚಟ ಹಿಡಿಸುವ ನೋವಿನ ಮಾತ್ರೆ, ಡಾಕ್ಟರ್ ಚೀಟಿ ಇಲ್ಲದೆ ಕೊಡಬಾರದು. ಆದರೂ ಸಿಗುತ್ತಿತ್ತು. ಐದು ತಿಂಗಳು ಕಳೆಯಿತು. ಒಂದು ಬೆಳಗ್ಗೆ ತಂಗಿ ಫೋನ್ ಮಾಡಿ, "ಅಕ್ಕಾ, ಇವನ ಮೈ ನಡುಗ್ತಾ ಇದೆ, ಮೂಗಲ್ಲಿ ನೀರು ಸುರೀತಾ ಇದೆ, ಸುಮ್ನೆ ಆಕಳಿಸ್ತಾನೇ ಇದಾನೆ, ಚಳಿಜ್ವರ ಇರಬೇಕು" ಅಂದಳು. ಅದು ಚಳಿಜ್ವರ ಅಲ್ಲ ಅಂತ ನನಗೆ ಫೋನಿನಲ್ಲೇ ಗೊತ್ತಾಯಿತು. ಮಾತ್ರೆ ಸಿಗದೆ ಎರಡು ದಿನವಾಗಿತ್ತು.

ಮಂಡ್ಯದಿಂದ ಬೆಳಗಿನ ರೈಲಿಗೆ ಹತ್ತಿಸಿಕೊಂಡು ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದೆ. ಅಲ್ಲೂ ಮೂತ್ರ ಕೇಳಿದರು. ಡಬ್ಬಿ ಹಿಡಿದು ಶೌಚಾಲಯದ ಬಾಗಿಲಲ್ಲೇ ನಿಂತುಬಿಟ್ಟ. ಎಷ್ಟು ಬಿಗಿಯಾಗಿ ಹಿಡಿದಿದ್ದ ಅಂದರೆ ಡಬ್ಬಿಯ ಅಂಚು ನೆಗ್ಗಿ ಹೋಗಿತ್ತು. "ದೊಡ್ಡಮ್ಮ, ಇಲ್ಲೂ ಹೆಸರು ಕೂಗ್ತಾರಾ?" ಅಂತ ಕೇಳಿದ. ಇಪ್ಪತ್ತು ವರ್ಷದ ಹುಡುಗ. ಇಲ್ಲ ಮಗಾ, ಕೂಗಲ್ಲ ಅಂದೆ. ಆಮೇಲೇ ಒಳಗೆ ಹೋದ.

ಡಾಕ್ಟರು ಬಾಗಿಲು ಹಾಕಿಕೊಂಡು ಫಲಿತಾಂಶವನ್ನು ಅವನಿಗೆ ಮೊದಲು ಹೇಳಿದರು. ನಿಮ್ಮ ದೊಡ್ಡಮ್ಮನಿಗೆ ತಿಳಿಸಬಹುದಾ ಅಂತ ಅವನನ್ನೇ ಕೇಳಿ ಆಮೇಲೆ ನನ್ನನ್ನು ಕರೆದರು. ನಿಮ್ಹಾನ್ಸ್‌ನ ಸ್ಟ್ರಿಪ್‌ನಲ್ಲಿ ಏನೂ ಬಂದಿರಲಿಲ್ಲ! ಗಾಂಜಾ ಬಿಟ್ಟು ತಿಂಗಳುಗಳಾಗಿದ್ದವು. ಟಪೆಂಟಡಾಲ್ ಸಾಮಾನ್ಯ ಸ್ಟ್ರಿಪ್‌ಗೆ ಸಿಗುವುದಿಲ್ಲ. ಮಾತ್ರೆ ವಿಷಯವನ್ನು ಅವನೇ ಬಾಯಿಬಿಟ್ಟು ಹೇಳಿದ್ದ. ಅವತ್ತು ಅದೇ ಕಾಲೇಜಿನವರು ಅವನಿಗೆ ಪರೀಕ್ಷೆ ಮಾಡಿದ್ದರೆ ಪಾಸ್ ಆಗಿರುತ್ತಿದ್ದ.

ಕಡ್ಡಾಯ ಪರೀಕ್ಷೆ ಬೇಕು ಅನ್ನುವವರು ಈ ಸ್ಟ್ರಿಪ್ ಏನು ಅಂತ ಸ್ವಲ್ಪ ತಿಳಿದುಕೊಳ್ಳಬೇಕು. ಗರ್ಭ ಪರೀಕ್ಷೆಯ ಕಡ್ಡಿಗೆ ಇದು ಪೂರಾ ಉಲ್ಟಾ. ಎರಡು ಗೆರೆ ಬಂದರೆ ಏನೂ ಇಲ್ಲ. ಎರಡನೇ ಗೆರೆ ಬರದೇ ಹೋದರೆ ಇದೆ ಅಂತ. ಗೆರೆ ಎಷ್ಟೇ ತೆಳುವಾಗಿ ಬಂದರೂ ಇಲ್ಲ ಅಂತಲೇ ಲೆಕ್ಕ. ಅಭ್ಯಾಸ ಇಲ್ಲದವರು ಓದಿದರೆ ಅಲ್ಲೇ ತಪ್ಪಾಗುತ್ತದೆ. ಕೊಟ್ಟ ತಕ್ಷಣ ಡಬ್ಬಿ ಬಿಸಿ ಇದೆಯಾ ನೋಡಬೇಕು, ಇಲ್ಲದಿದ್ದರೆ ನಲ್ಲಿ ನೀರು ಬೆರೆಸಿ ಕೊಟ್ಟರೂ ಗೊತ್ತಾಗುವುದಿಲ್ಲ. ಶೀತಕ್ಕೆ ಕೊಡುವ ಕೆಲವು ಮಾತ್ರೆಗಳಿಂದಲೂ ತಪ್ಪು ಫಲಿತಾಂಶ ಬರುತ್ತದೆ. ಮದುವೆ ಮನೆಯಲ್ಲಿ ಗಸಗಸೆ ಪಾಯಸ ಎರಡು ಲೋಟ ಕುಡಿದು ಬಂದವನ ಮೂತ್ರದಲ್ಲೂ ಅಫೀಮಿನ ಅಂಶ ಕಾಣಬಹುದು. ಅದಕ್ಕೇ ಸ್ಟ್ರಿಪ್‌ನಲ್ಲಿ ಇದೆ ಅಂತ ಬಂದರೆ ಅದನ್ನು ದೊಡ್ಡ ಲ್ಯಾಬಿಗೆ ಕಳಿಸಿ, ದೊಡ್ಡ ಯಂತ್ರದಲ್ಲಿ ಇನ್ನೊಮ್ಮೆ ಖಚಿತ ಮಾಡಿಕೊಳ್ಳಬೇಕು. ಅಲ್ಲಿವರೆಗೆ ಅದು ಬರೀ ಅನುಮಾನ. ಅನುಮಾನವನ್ನು ಮೆಸ್ಸಿನಲ್ಲಿ ಓದಬಾರದು.

ಸಿಗದೇ ಇರುವವರ ಕಥೆ ಇನ್ನೊಂದು. ದಿನಾ ಗಾಂಜಾ ಸೇದುವವನ ಮೂತ್ರದಲ್ಲಿ ಅದು ವಾರಗಟ್ಟಲೆ ಉಳಿಯುತ್ತದೆ. ರಾತ್ರಿ ಕುಡಿದ ಹೆಂಡ ಮಧ್ಯಾಹ್ನದ ಹೊತ್ತಿಗೆ ಬಹುಪಾಲು ಇರುವುದಿಲ್ಲ. ವೈಟ್ನರ್ ಮೂಸುವ ಮಕ್ಕಳು ಈ ಸ್ಟ್ರಿಪ್‌ಗೆ ಸಿಗುವುದೇ ಇಲ್ಲ. ಕೇಂದ್ರ ಸರ್ಕಾರಕ್ಕೆ ದೆಹಲಿಯ ಏಮ್ಸ್ ಮಾಡಿಕೊಟ್ಟು 2019ರಲ್ಲಿ ಹೊರಬಂದ ಸಮೀಕ್ಷೆ ನೋಡಿ. ಮೂಸುವ ಚಟ ದೊಡ್ಡವರಿಗಿಂತ ಮಕ್ಕಳಲ್ಲೇ ಜಾಸ್ತಿ ಅಂತ ಅದರಲ್ಲಿದೆ. 2025ರ ಜುಲೈನಲ್ಲಿ ಮುಂಬೈ ಪೊಲೀಸರು ಮೈಸೂರಿಗೆ ಬಂದು, ಒಂದು ಶೆಡ್ಡಿನಲ್ಲಿ 187 ಕೆ.ಜಿ.ಯಷ್ಟು ಮೆಫೆಡ್ರೋನ್ ಅನ್ನುವ ಡ್ರಗ್ ಹಿಡಿದರಲ್ಲ, ಸಾಮಾನ್ಯ ಸ್ಟ್ರಿಪ್‌ಗಳಲ್ಲಿ ಅದಕ್ಕೂ ಗೆರೆ ಇಲ್ಲ. ಕೆ.ಜಿ.ಗಟ್ಟಲೆ ತಯಾರಿಸುವವರನ್ನು ಹಿಡಿಯಲು ಬೇರೆ ರಾಜ್ಯದ ಪೊಲೀಸರು ಬರಬೇಕಾಯಿತು. ಇಲ್ಲಿ ನಾವು ಹುಡುಗರ ಕೈಗೆ ಡಬ್ಬಿ ಕೊಡುವ ಮಾತಾಡುತ್ತಿದ್ದೇವೆ. ನನಗೆ ಇದು ಸರಿ ಕಾಣುವುದಿಲ್ಲ.

ಪಂಜಾಬಿನಲ್ಲಿ 2018ರಲ್ಲಿ ಸರ್ಕಾರಿ ನೌಕರರಿಗೆಲ್ಲ ಪರೀಕ್ಷೆ ಕಡ್ಡಾಯ ಅಂದರು. ಮೊದಲು ಮಂತ್ರಿಗಳಿಗೆ ಮಾಡಿ ಅಂತ ನೌಕರರು ಕೇಳಿದರು. ತಮ್ಮ ಹೆಸರು ಊರಿಗೆಲ್ಲ ಗೊತ್ತಾಗುತ್ತದೆ ಅಂದರೆ ಯಾರಿಗೇ ಆಗಲಿ ಸಂಕಟ ಆಗುತ್ತದೆ. ಅದು ಹುಡುಗರಿಗೂ ಆಗುತ್ತದೆ ಅಲ್ವಾ?

ಪರೀಕ್ಷೆಯೇ ಬೇಡ ಅಂತ ನಾನು ಹೇಳುವುದಿಲ್ಲ. ಶಾಲಾ ವ್ಯಾನ್, ಬಸ್ಸು ಓಡಿಸುವವರಿಗೆ ಖಂಡಿತ ಮಾಡಲಿ. ನಲವತ್ತು ಮಕ್ಕಳ ಜೀವ ಅವರ ಕೈಯಲ್ಲಿರುತ್ತದೆ. ಕಾಲೇಜಿನಲ್ಲೂ ಮಾಡಲೇಬೇಕು ಅಂದರೆ ಡಾಕ್ಟರ ಮೂಲಕ ಮಾಡಲಿ. ಫಲಿತಾಂಶ ಮುಚ್ಚಿದ ಲಕೋಟೆಯಲ್ಲಿ ಡಾಕ್ಟರಿಗೆ, ಹುಡುಗನಿಗೆ, ಅವನು ಚಿಕ್ಕವನಾದರೆ ಅಪ್ಪ ಅಮ್ಮನಿಗೆ ಹೋಗಲಿ. ಪ್ರಿನ್ಸಿಪಾಲರ ಮೇಜಿಗೆ ಬೇಡ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಚಟದ ತೊಂದರೆಯನ್ನೂ ಕಾಯಿಲೆ ಅಂತಲೇ ಸೇರಿಸಿದ್ದಾರೆ, ರೋಗಿಯ ವಿಷಯ ಗುಟ್ಟಾಗಿಡಬೇಕು ಅಂತಲೂ ಇದೆ. 1985ರ ಮಾದಕ ವಸ್ತು ಕಾಯ್ದೆಯ 64ಎ ಕಲಮು ಕೂಡ, ಚಟಕ್ಕೆ ಬಿದ್ದು ಸೇದಿದವನು ಅಥವಾ ಸ್ವಲ್ಪವೇ ಇಟ್ಟುಕೊಂಡಿದ್ದವನು ತಾನಾಗಿಯೇ ಚಿಕಿತ್ಸೆಗೆ ಬಂದರೆ ಕೇಸಿನಿಂದ ವಿನಾಯಿತಿ ಕೊಡುತ್ತದೆ. ಅಷ್ಟು ಬಿಗಿಯಾದ ಕಾನೂನೇ ಅವನಿಗೊಂದು ದಾರಿ ಬಿಟ್ಟಿದೆ. ಕಾಲೇಜು ಯಾಕೆ ಟಿ.ಸಿ. ಕೊಡಬೇಕು?

ಇನ್ನೊಂದು ಕೇಳಿಕೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಅಂತ ಮಂಗಳವಾರ ಮನೋವೈದ್ಯರು ಸಿಗುವ ಏರ್ಪಾಟು ಇದೆ. ಇದು ನನ್ನ ತಂಗಿಗೆ ಗೊತ್ತಿರಲಿಲ್ಲ. ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸ್ಟ್ರಿಪ್ ಕೊಳ್ಳುವ ದುಡ್ಡಿನಲ್ಲಿ ಪ್ರತಿ ಹಾಸ್ಟೆಲ್ ಗೋಡೆಗೂ ಆ ದಿನ, ಆ ಕೋಣೆ ಎಲ್ಲಿದೆ ಅನ್ನುವುದನ್ನು ದೊಡ್ಡ ಅಕ್ಷರದಲ್ಲಿ ಅಂಟಿಸಿ. ಟಿ.ಸಿ. ಕೊಟ್ಟು ಕಳಿಸುವ ಮೊದಲು ಒಮ್ಮೆ ಅಲ್ಲಿಗೆ ಕಳಿಸಿ.

ನಮ್ಮ ಹುಡುಗ ಈಗ ಚೆನ್ನಾಗಿದ್ದಾನೆ. ನಡುವೆ ಒಮ್ಮೆ ಜಾರಿದ್ದ, ಮತ್ತೆ ತಾನೇ ಬಂದು ಹೇಳಿದ. ಮೋಟರ್ ವೈಂಡಿಂಗ್ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದಾನೆ. ಡಿಪ್ಲೊಮಾ ಮಾತ್ರ ಅರ್ಧಕ್ಕೇ ನಿಂತಿದೆ. ಈ ಪತ್ರ ಕಳಿಸುವ ಮೊದಲು ಅವನಿಗೆ ಓದಲು ಕೊಟ್ಟೆ. ಏನೂ ತೆಗೆಯಬೇಡಿ ಅಂದ. ಚಟ ಬಿಡಿಸುವ ಸರ್ಕಾರದ ಉಚಿತ ಸಹಾಯವಾಣಿ ನಂಬರ್ ಹಾಕಿ ದೊಡ್ಡಮ್ಮ, ಯಾರಾದರೂ ನೋಡ್ತಾರೆ ಅಂದ: 14446.

ಇಂತಿ,
ನಿವೃತ್ತ ಲ್ಯಾಬ್ ಟೆಕ್ನೀಷಿಯನ್, ಮಂಡ್ಯ
(ಹುಡುಗನ ಸಲುವಾಗಿ ನನ್ನ ಹೆಸರು ಹಾಕಬೇಡಿ)