ಚರಂಡಿ ಫೋಟೋ ಸಾಕು, ಗೆರಟೆ ಫೋಟೋ ಹಾಕಿ

ಮಾನ್ಯ ಸಂಪಾದಕರೇ,

ಮೊನ್ನೆ ನಿಮ್ಮ ಪೇಪರಲ್ಲಿ ಚಿಕುನ್‌ಗುನ್ಯಾ ಬಗ್ಗೆ ಬಂದ ಸುದ್ದಿ ಓದಿದೆ. ‘ರೂಪಾಂತರಿ ವೈರಸ್’ ಅಂತ ದಪ್ಪಕ್ಷರದ ಹೆಡ್ಡಿಂಗು, ಕೆಳಗೆ ಕರಿ ನೀರು ನಿಂತ ಚರಂಡಿಯ ಫೋಟೋ, ಪಕ್ಕದಲ್ಲಿ ಹೊಗೆ ಬಿಡುವ ಮೆಷಿನ್ ಹೆಗಲಿಗೆ ಹಾಕಿಕೊಂಡ ಒಬ್ಬರು. ವೈರಸ್ ಹೇಗೆ ರೂಪ ಬದಲಿಸ್ತದೆ, ಅದಕ್ಕೂ ಈ ಚರಂಡಿಗೂ ಎಂತ ಸಂಬಂಧ ಅಂತ ಒಂದು ಸಾಲೂ ಇಲ್ಲ. ನಾನು ಇಪ್ಪತ್ತೆಂಟು ವರ್ಷ ಪಿಯುಸಿ ಮಕ್ಕಳಿಗೆ ಬಯಾಲಜಿ ಪಾಠ ಮಾಡಿ ಈಗ ಸುಳ್ಯ ಕಡೆ ಸ್ವಲ್ಪ ಅಡಿಕೆ, ಸ್ವಲ್ಪ ರಬ್ಬರ್ ನೋಡಿಕೊಂಡು ಇರುವವನು, 2008ರಲ್ಲಿ ಇದೇ ಜ್ವರದಲ್ಲಿ ಮಲಗಿ ಎದ್ದವನೂ ಹೌದು, ಹಾಗಾಗಿ ಸುಮ್ಮನಿರ್ಲಿಕ್ಕೆ ಆಗಲಿಲ್ಲ.

ಆ ವರ್ಷದ ಮಳೆಗಾಲ ನಮ್ಮ ಕಡೆಯವರು ಮರೆಯುವಂಥದ್ದಲ್ಲ. ಮನೆಮನೆಯಲ್ಲಿ ಜ್ವರ, ಜ್ವರ ಬಿಟ್ಟ ಮೇಲೂ ಗಂಟು ನೋವು, ಬೆಳಿಗ್ಗೆ ಎದ್ದು ಗೋಡೆ ಹಿಡ್ಕೊಂಡು ಬಚ್ಚಲಿಗೆ ಹೋಗುವ ಸ್ಥಿತಿ, ಚಾದ ಗ್ಲಾಸ್ ಎತ್ತಲಿಕ್ಕೆ ಎರಡೂ ಕೈ ಬೇಕು. ಅಡಿಕೆಗೆ ಮದ್ದು ಬಿಡ್ಲಿಕ್ಕೆ ಬರುವವರೂ ಮಲಗಿದ್ದರು, ಮನೆಯವರೂ ಮಲಗಿದ್ದರು, ನನ್ನ ಅರ್ಧ ಫಸಲು ಕೊಳೆರೋಗಕ್ಕೆ ಹೋಯ್ತು. ಕೆಲವರು ಹೆಸರು ಕೇಳಿಯೇ ಕೋಳಿ ತಿನ್ನೋದು ಬಿಟ್ಟಿದ್ರು, ‘ಚಿಕನ್ ಗುನ್ಯ’ ಅಲ್ವಾ, ಪಾಪ! ಹೆಸರಿಗೂ ಕೋಳಿಗೂ ಸಂಬಂಧ ಇಲ್ಲ ಮಾರಾಯ್ರೆ. ಈಗಿನ ಟಾಂಜಾನಿಯಾದಲ್ಲಿ 1952-53ರಲ್ಲಿ ಈ ಜ್ವರ ಮೊದಲು ಗುರುತಿಸಿದ್ದು, ಅಲ್ಲಿಯ ಮಕೊಂಡೆ ಜನರ ಭಾಷೆಯಲ್ಲಿ ಮೈ ಬಾಗಿ ಸೊಟ್ಟಗಾಗುವುದು ಅಂತ ಅರ್ಥ. ನಮ್ಮೂರ ಬಸ್‌ಸ್ಟ್ಯಾಂಡಲ್ಲಿ ನಿಂತು ನೋಡಿ ಇಟ್ಟ ಹಾಗಿದೆ ಹೆಸರು.

ನನಗೆ ಆಗಲೇ ಒಂದು ಪ್ರಶ್ನೆ ತಲೆಯಲ್ಲಿ ಕೊರೀತಾ ಇತ್ತು. 2006ರಲ್ಲಿ ಈ ರೋಗ ದೇಶದಲ್ಲೆಲ್ಲ ಎದ್ದಾಗ ಸುಮಾರು 13.9 ಲಕ್ಷ ಶಂಕಿತ ಪ್ರಕರಣ ಲೆಕ್ಕಕ್ಕೆ ಸಿಕ್ಕಿದ್ದು, ಅದರಲ್ಲಿ 7.5 ಲಕ್ಷ ನಮ್ಮ ಕರ್ನಾಟಕದ್ದೇ. ಕಲಬುರಗಿ, ತುಮಕೂರು, ರಾಯಚೂರು ಕಡೆ ಊರಿಗೆ ಊರೇ ಮಲಗಿತ್ತು. ಆದ್ರೆ ಸುಳ್ಯಕ್ಕೆ ಅದರ ಬಿಸಿ ನಿಜವಾಗಿ ತಟ್ಟಿದ್ದು ಎರಡು ವರ್ಷ ಬಿಟ್ಟು. ಇಷ್ಟು ಸೊಳ್ಳೆ ಇರುವ ಊರಿಗೆ ಯಾಕೆ ಲೇಟು?

ಉತ್ತರ ಸೊಳ್ಳೆಯಲ್ಲಿ ಉಂಟು. ಬಯಲುಸೀಮೆಯಲ್ಲಿ ರೋಗ ಹರಡಿದ್ದು ಮುಖ್ಯವಾಗಿ ಈಡಿಸ್ ಈಜಿಪ್ಟೈ, ಮನೆಯೊಳಗೆ ಸಿಮೆಂಟ್ ತೊಟ್ಟಿ, ಡ್ರಮ್ಮಲ್ಲಿ ತುಂಬಿಸಿಟ್ಟ ನೀರಲ್ಲಿ ಬೆಳೆಯುವಂಥದ್ದು. ನಮ್ಮ ತೋಟದ್ದು ಅದರ ದಾಯಾದಿ, ಈಡಿಸ್ ಆಲ್ಬೊಪಿಕ್ಟಸ್, ಕಪ್ಪು ಮೈ, ಬೆನ್ನ ಮಧ್ಯ ಒಂದೇ ಬಿಳಿ ಗೆರೆ, ಹಗಲು ಹೊತ್ತು ಕಚ್ತದೆ. ತೋಟದಲ್ಲಿ ಕಾಲು ಕೆರೆದುಕೊಳ್ಳದೆ ಐದು ನಿಮಿಷ ನಿಂತವರು ಯಾರಾದ್ರೂ ಇದ್ದರೆ ನಾನವರಿಗೆ ಕೈ ಮುಗೀತೇನೆ. 2006ರ ವೈರಸ್ ಈ ತೋಟದ ಸೊಳ್ಳೆಯ ಹೊಟ್ಟೆಯಲ್ಲಿ ಅಷ್ಟು ಚೆನ್ನಾಗಿ ಬೆಳೀತಿರ್ಲಿಲ್ಲ. ಸೊಳ್ಳೆ ರಕ್ತ ಹೀರಿದ ಕೂಡ್ಲೇ ಇನ್ನೊಬ್ಬರಿಗೆ ರೋಗ ದಾಟಿಸ್ಲಿಕ್ಕೆ ಆಗೋದಿಲ್ಲ, ವೈರಸ್ ಅದರ ಕರುಳಿನ ಗೋಡೆ ಹೊಕ್ಕು, ಅಲ್ಲಿ ಹೆಚ್ಚಿ, ಕಡೆಗೆ ಜೊಲ್ಲಿನ ಗ್ರಂಥಿಗೆ ಬರ್ಬೇಕು. ಕರುಳಲ್ಲೇ ಸಿಕ್ಕಿಬಿದ್ದರೆ ಕತೆ ಮುಗೀತು.

ಈಗ ರೂಪಾಂತರದ ವಿಷಯ. ಈ ವೈರಸ್ಸಿನ ಇಡೀ ಜಾತಕ ಅಂದ್ರೆ ಸುಮಾರು 11,800 ಅಕ್ಷರದ ಒಂದು ಆರ್‌ಎನ್‌ಎ ಎಳೆ. ನಿಮ್ಮ ಆಫೀಸಲ್ಲಿ ಪ್ರೂಫ್ ನೋಡುವವರು ಇರ್ತಾರಲ್ಲ, ವೈರಸ್‌ಗೆ ಅವರಿಲ್ಲ, ನಕಲು ಮಾಡುವಾಗ ತಪ್ಪಿದ್ದು ತಪ್ಪಿದ್ದೇ, ಸರಿಸುಮಾರು ಹತ್ತು ಸಾವಿರ ಅಕ್ಷರಕ್ಕೆ ಒಂದು ತಪ್ಪು ಅಂತ ಲೆಕ್ಕ ಹಾಕಿ. ಅಂದ್ರೆ ಪ್ರತಿ ರೋಗಿಯ ಮೈಯಲ್ಲೂ ದಿನಾ ರೂಪಾಂತರ ಆಗ್ತಾನೇ ಇರ್ತದೆ, ಅದೇ ದೊಡ್ಡ ಸುದ್ದಿ ಅಲ್ಲ. ಹೆಚ್ಚಿನ ತಪ್ಪು ವೈರಸ್ಸಿಗೇ ಕೆಡುಕು, ಕೆಲವು ಮನುಷ್ಯನ ಮೈಗೆ ಹೊಂದಿದ್ರೂ ಸೊಳ್ಳೆಗೆ ಆಗೋದಿಲ್ಲ, ಕೆಲವು ಸೊಳ್ಳೆಗೆ ಆದ್ರೂ ಮನುಷ್ಯನಿಗೆ ಹೊಂದೋದಿಲ್ಲ, ಎರಡೂ ಕಡೆ ಪಾಸಾದದ್ದು ಮಾತ್ರ ಉಳೀತದೆ. ಆದ್ರೆ ಎಲ್ಲೋ ಒಂದು ತಪ್ಪು ‘ಹಾಲು’ ಹೋಗಿ ‘ಹಾಳು’ ಆದ ಹಾಗೆ, ಒಂದೇ ಅಕ್ಷರ, ಅರ್ಥವೇ ಬೇರೆ. ವೈರಸ್ಸಿನ ಹೊರಮೈಯಲ್ಲಿ ಇ1 ಅಂತ ಒಂದು ಪ್ರೋಟೀನ್, ಪ್ರೋಟೀನ್ ಅಂದ್ರೆ ಅಮೈನೋ ಆಮ್ಲ ಎಂಬ ಮಣಿಗಳ ಸರ, ಆರ್‌ಎನ್‌ಎಯ ಒಂದು ಅಕ್ಷರ ತಪ್ಪಿ ಆ ಸರದ 226ನೇ ಜಾಗದಲ್ಲಿ ಅಲನಿನ್ ಎಂಬ ಮಣಿ ಇದ್ದದ್ದು ವ್ಯಾಲೈನ್ ಆಯ್ತು. ಅಷ್ಟೇ. ಅಷ್ಟರಿಂದ ಆಲ್ಬೊಪಿಕ್ಟಸ್ ಸೊಳ್ಳೆಗೆ ಕಡಿಮೆ ವೈರಸ್ ಇರುವ ರಕ್ತ ಕುಡಿದ್ರೂ ಸೋಂಕು ಹಿಡೀತದೆ, ಬೇಗ ಮೈಯೆಲ್ಲ ಹಬ್ಬುತ್ತದೆ. ಈಜಿಪ್ಟೈ ಸೊಳ್ಳೆಯಲ್ಲಿ ಇದರಿಂದ ಏನೂ ಲಾಭ ಇಲ್ಲ. 2007ರಲ್ಲೇ ಲ್ಯಾಬಲ್ಲಿ ಅದೊಂದನ್ನು ಮಾತ್ರ ಬದಲಿಸಿ ನೋಡಿ ಇದನ್ನು ಗಟ್ಟಿ ಮಾಡಿದ್ದಾರೆ.

ಇದು ಮೊದಲು ಗಮನಕ್ಕೆ ಬಂದದ್ದು ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ. 2005-06ರಲ್ಲಿ ಅಲ್ಲಿ ಮೂರರಲ್ಲಿ ಒಂದು ಪಾಲು ಜನಕ್ಕೆ ಜ್ವರ ಬಂತು, ಅಲ್ಲಿಯೂ ಹರಡಿದ್ದು ಆಲ್ಬೊಪಿಕ್ಟಸ್. ಆಮೇಲೆ 2007ರಲ್ಲಿ ಕೇರಳದ ವೈರಸ್ಸಲ್ಲಿ ಅದೇ 226, ಅದೇ ವರ್ಷ ಆಫ್ರಿಕಾದ ಗ್ಯಾಬೊನ್‌ನಲ್ಲಿ ಅದೇ 226. ರಿಯೂನಿಯನ್‌ನಿಂದ ಕೇರಳಕ್ಕೆ ಬಂದದ್ದು ಅಂತ ತಿಳ್ಕೊಳ್ಬೇಡಿ, ಪ್ರತಿ ಕಡೆ ಬೇರೆ ಬೇರೆಯಾಗಿಯೇ ಹುಟ್ಟಿದ್ದು. ಎಲ್ಲೆಲ್ಲ ಆ ಸೊಳ್ಳೆ ಜಾಸ್ತಿಯೋ ಅಲ್ಲಲ್ಲಿ ಅದೇ ತಪ್ಪು ಗೆದ್ದಿತು. 2008ರಲ್ಲಿ ನಮ್ಮ ಕರಾವಳಿಯ ರೋಗಿಗಳ ಸ್ಯಾಂಪಲ್‌ನಲ್ಲೂ ಸಿಕ್ಕಿತು. ನನ್ನ ಮಂಡಿಯಲ್ಲಿ ಈಗಲೂ ಮಳೆಗಾಲಕ್ಕೆ ಹಿಡಿಯುವ ನೋವು ಆ ಒಂದು ಅಕ್ಷರದ್ದು ಅಂತ ನಾನು ಹೆಂಡತಿ ಹತ್ರ ಹೇಳ್ತೇನೆ, ಅವಳು ವಯಸ್ಸಿನದ್ದು ಅಂತಾಳೆ. 2007ರಲ್ಲಿ ಇಟಲಿಯ ರವೆನ್ನಾ ಹತ್ರದ ಹಳ್ಳಿಗಳಲ್ಲಿ ಇನ್ನೂರಕ್ಕಿಂತ ಹೆಚ್ಚು ಜನಕ್ಕೆ ಈ ಜ್ವರ ಬಂದದ್ದೂ ಕೇರಳದಿಂದ ಹೋದ ಒಬ್ಬ ಪ್ರಯಾಣಿಕನಿಂದ. ಅಲ್ಲಿಗೆ ಈ ಸೊಳ್ಳೆ ಅದಕ್ಕಿಂತ ಮುಂಚೆಯೇ ಹಳೇ ಟಯರ್ ವ್ಯಾಪಾರದ ಹಡಗು ಹತ್ತಿ ಹೋಗಿ ಕೂತಿತ್ತು.

ಇನ್ನೂ ಒಂದು ಸೋಜಿಗ ಹೇಳ್ತೇನೆ. ಏಷ್ಯಾದಲ್ಲೇ ಇನ್ನೊಂದು ಹಳೇ ಚಿಕುನ್‌ಗುನ್ಯಾ ವಂಶ ಉಂಟು, 1963ರಲ್ಲಿ ಕೋಲ್ಕತ್ತ, ಮರುವರ್ಷ ಮದ್ರಾಸ್, 1973ರಲ್ಲಿ ಮಹಾರಾಷ್ಟ್ರದ ಬಾರ್ಶಿಯಲ್ಲಿ ಎದ್ದದ್ದು ಅದೇ. ಆಲ್ಬೊಪಿಕ್ಟಸ್ ಸೊಳ್ಳೆಯ ತವರೇ ಏಷ್ಯಾ, ಆ ವಂಶ ಇಲ್ಲಿಯೇ ಅಷ್ಟು ದಶಕ ಇತ್ತು, ಆದ್ರೂ ಅದಕ್ಕೆ ಈ 226ರ ಲಾಭ ಸಿಗಲಿಲ್ಲ. ಯಾಕಂದ್ರೆ ಅದೇ ಪ್ರೋಟೀನಿನ 98ನೇ ಜಾಗದಲ್ಲಿ ಅದಕ್ಕೆ ಬೇರೊಂದು ಮಣಿ ಉಂಟು, ಹೊರಗಿನಿಂದ ಚಿಲಕ ತೆಗೆದ್ರೂ ಒಳಗೆ ಅಗಳಿ ಹಾಕಿದ ಹಾಗೆ. 2006ರಲ್ಲಿ ಇಲ್ಲಿ ಎದ್ದ, ಆಫ್ರಿಕಾದಿಂದ ಬಂದ ವಂಶಕ್ಕೆ ಆ ಅಗಳಿ ಇರಲಿಲ್ಲ. ಇನ್ನು 2016ರಲ್ಲಿ ದಿಲ್ಲಿಯಲ್ಲಿ ದೊಡ್ಡದಾಗಿ ಬಂತಲ್ಲ, ಅಲ್ಲಿ ಈಜಿಪ್ಟೈ ಸೊಳ್ಳೆ, 226 ಹಳೇದೇ ಇತ್ತು, ಬದಲಾದದ್ದು ಬೇರೆ ಜಾಗಗಳು. ಊರಿಗೆ ತಕ್ಕ ಸೊಳ್ಳೆ, ಸೊಳ್ಳೆಗೆ ತಕ್ಕ ವೈರಸ್.

ಇದೆಲ್ಲ ಯಾಕೆ ಹೇಳ್ತಿದ್ದೇನೆ ಅಂದ್ರೆ, ನಿಮ್ಮ ಚರಂಡಿ ಫೋಟೋ ನೋಡಿದ ಕೃಷಿಕ ‘ನಮ್ಮಲ್ಲಿ ಚರಂಡಿಯೇ ಇಲ್ಲ, ನಮಗೆ ಭಯ ಇಲ್ಲ’ ಅಂತ ಪೇಪರ್ ಮಡಚಿಡ್ತಾನೆ. ಚರಂಡಿಯ ಕೊಳಕು ನೀರಲ್ಲಿ ಬೆಳೆಯೋದು ಕ್ಯೂಲೆಕ್ಸ್, ಅದು ಚಿಕುನ್‌ಗುನ್ಯಾ ತರೋದಿಲ್ಲ. ನಮ್ಮ ಶತ್ರು ಹುಟ್ಟೋದು ರಬ್ಬರ್ ಹಾಲು ಹಿಡೀಲಿಕ್ಕೆ ಮರಕ್ಕೆ ಕಟ್ಟಿದ ಗೆರಟೆಯಲ್ಲಿ, ಅಂದ್ರೆ ತೆಂಗಿನ ಚಿಪ್ಪಲ್ಲಿ, ಬಿದ್ದ ಅಡಿಕೆ ಹಾಳೆಯಲ್ಲಿ, ಅಳಿಲು ತಿಂದು ಬಿಟ್ಟ ಕೊಕ್ಕೊ ಕಾಯಿಯ ಸಿಪ್ಪೆಯಲ್ಲಿ ನಿಂತ ಒಂದು ಲೋಟ ಮಳೆನೀರಲ್ಲಿ. ಮೊಟ್ಟೆ ನೀರಿಲ್ಲದೆ ತಿಂಗಳುಗಟ್ಟಲೆ ಒಣಗಿ ಕೂರ್ತದೆ, ಮೊದಲ ಮಳೆ ಬಿದ್ದಾಗ ಒಡೀತದೆ. ಸಂಜೆ ಪೇಟೆಯ ರಸ್ತೆಯಲ್ಲಿ ಹೊಗೆ ಬಿಟ್ಟುಕೊಂಡು ಹೋದ್ರೆ ತೋಟದೊಳಗಿನ ಗೆರಟೆಗೆ ಎಂತ ಆಗ್ತದೆ? ಟ್ಯಾಪಿಂಗ್, ಅಂದ್ರೆ ರಬ್ಬರ್ ಹಾಲು ತೆಗೆಯೋದು, ನಿಲ್ಸಿದ ದಿನವೇ ಗೆರಟೆ ಕವುಚಿ ಹಾಕಬೇಕು, ಅದು ಯಾರೂ ಹೇಳೋದಿಲ್ಲ.

ಆರೋಗ್ಯ ಇಲಾಖೆಯವರಿಗೂ ಒಂದು ಮಾತು. ತಾಲೂಕಿಗೆ ಇಷ್ಟು ಪಾಸಿಟಿವ್ ಅಂತ ಲೆಕ್ಕ ಕೊಡ್ತೀರಿ, ಸರಿ. ಅದರ ಜೊತೆ ಆ ವೈರಸ್ ಯಾವ ವಂಶದ್ದು, 226ರಲ್ಲಿ ಎಂತ ಉಂಟು, ಯಾವ ಸೊಳ್ಳೆ ಸಿಕ್ಕಿತು ಅಂತಲೂ ಊರಿನ ಹೆಸರು ಹಾಕಿ ಹೇಳಿ. ಕೋವಿಡ್ ಕಾಲದಲ್ಲಿ ಡೆಲ್ಟಾ, ಒಮಿಕ್ರಾನ್ ಅಂತ ಚಾದ ಅಂಗಡಿಯಲ್ಲಿ ಚರ್ಚೆ ಮಾಡಿದ ಜನ ನಾವು, ಇದೂ ಅರ್ಥ ಆಗ್ತದೆ. 2008ರಲ್ಲಿ ಚಿಕುನ್‌ಗುನ್ಯಾ ಬಂದು ಹೋದವರಿಗೆ ಅದು ಸಾಮಾನ್ಯವಾಗಿ ಮತ್ತೆ ಬರೋದಿಲ್ಲ, ಡೆಂಗ್ಯೂ ಹಾಗೆ ನಾಲ್ಕು ಬಗೆ ಇಲ್ಲ ಇದರಲ್ಲಿ. ಆದ್ರೆ ಆಮೇಲೆ ಹುಟ್ಟಿದ ಮಕ್ಕಳು ಈಗ ಹೈಸ್ಕೂಲು, ಕಾಲೇಜಲ್ಲಿ ಇದ್ದಾರೆ, ಅವರ ಮೈಗೆ ಈ ವೈರಸ್ಸಿನ ಪರಿಚಯವೇ ಇಲ್ಲ.

ಮುಂದಿನ ಸಲ ಸುದ್ದಿ ಹಾಕುವಾಗ ಫೋಟೋ ಬೇಕಿದ್ರೆ ಹೇಳಿ. ನಿನ್ನೆ ನಮ್ಮ ರಬ್ಬರ್ ಗುಡ್ಡೆಗೆ ಹೋಗಿದ್ದೆ, ಎರಡೇ ಸಾಲಲ್ಲಿ ಹನ್ನೊಂದು ಗೆರಟೆ ತುಂಬ ನೀರು, ಏಳರಲ್ಲಿ ಹುಳ ಕುಣೀತಾ ಇತ್ತು. ಕವುಚುವ ಮೊದಲು ಮೊಬೈಲಲ್ಲಿ ತೆಗೆದಿಟ್ಟಿದ್ದೇನೆ.

ಇಂತಿ,
ನಿಮ್ಮ ಹಳೇ ಓದುಗ
ಸುಳ್ಯ ತಾಲೂಕು, ದಕ್ಷಿಣ ಕನ್ನಡ